ಕೆನ್ನೆಗೆ ಬೀಳುವ ಒದೆತ

ಮಾಲ್ಪಾಸೊ, ತ್ರೊಂಪಿಯಾ ಕಣಿವೆ
21 ನವೆಂಬರ್ 1983

ದೆಲ್ಫಿನಾ,

ನೀನು ಕಳಿಸಿದ ಆಲಿವ್ ಎಣ್ಣೆ ಬಂತು. ಒಣಗಿಸಿದ ಅಣಬೆಯೂ ಬಂತು. ನಿಮ್ಮಲ್ಲಿ ಕಾಡುಹಂದಿ ಬೇಟೆ ಮುಗಿಸಿ, ಅವನ್ನು ಹೊತ್ತುಕೊಂಡು ನನ್ನ ಗಂಡನೂ ಬಂದ. ಮೊದಲೆರಡು ಚೆನ್ನಾಗಿವೆ. ಮೂರನೆಯದರ ಬಗ್ಗೆ ಒಂದು ಮಾತು ಕೇಳಬೇಕಾಗಿದೆ, ಅದಕ್ಕೇ ಈ ಕಾಗದ.

ಬಂದ ದಿನ ಸ್ನಾನಕ್ಕೆ ನೀರು ಕಾಯಿಸಿಕೊಟ್ಟೆ. ಬೆನ್ನುಜ್ಜಲು ಹೋದವಳು ಅವನ ಬಲ ಹೆಗಲು ನೋಡಿ ಹಾಗೇ ನಿಂತುಬಿಟ್ಟೆ. ನಾನು ಯಾರ ಮಗಳು ಅಂತ ನಿನಗೆ ಗೊತ್ತು. ಈ ಕಣಿವೆಯ ಅರ್ಧ ಕೋವಿಗಳಿಗೆ ಹಿಡಿಮರ ಕೆತ್ತಿದವನು ನಮ್ಮಪ್ಪ. ಹೆಗಲಿಗೆ ಒತ್ತಿಕೊಂಡು ಕೆನ್ನೆ ಆನಿಸುವ ಆ ಅಕ್ರೋಟದ ತುಂಡನ್ನು ಅಪ್ಪ ಕೆಲಸ ಮಾಡುತ್ತಿದ್ದ ಅದೇ ಕೊಟ್ಟಿಗೆಯಲ್ಲಿ ಕೂತು ಈಗ ನಾನು ಕೆತ್ತುತ್ತೇನೆ. ಗುಂಡು ಹಾರುವಾಗ ಕೋವಿ ಹಿಂದಕ್ಕೆ ಒದ್ದ ಕಲೆ ಗಂಡಸರ ಹೆಗಲ ಮೇಲೆ ನೋಡಿದರೆ ಸಾಕು, ಯಾವ ಕೋವಿ, ಎಂಥ ತೋಟಾ ಅಂತ ಹೇಳಿಬಿಡುತ್ತೇನೆ. ಹಕ್ಕಿ, ಮೊಲ ಹೊಡೆಯುವ ಚರೆಕೋವಿಯ ಕಲೆ ಅಂಗೈಯಗಲ ಇರುತ್ತದೆ, ಅಂಚು ಅಂತ ಇರುವುದಿಲ್ಲ, ಎರಡು ದಿನ ಕಳೆದರೆ ಹಳದಿಯಾಗುತ್ತದೆ. ರೈಫಲ್ಲಿನದು ಚಿಕ್ಕದು, ಗೆರೆ ಎಳೆದ ಹಾಗೆ, ಎಲುಬಿಗೆ ಹತ್ತಿರ.

ಬೊರ್ತೊಲೊನ ಮೈಮೇಲೆ ಪ್ರತಿ ಚಳಿಗಾಲ ಕಾಣುವುದು ಚರೆಕೋವಿಯ ಕಲೆ. ನಮ್ಮ ಮದುವೆಗೆ ನಾನೇ ಕೈಯಾರೆ ಹಿಡಿಮರ ಕೆತ್ತಿಕೊಟ್ಟ ಜೋಡಿನಳಿಗೆ ಕೋವಿಯದು. ಅದರ ಜೊತೆಗೆ ಬಲಗೆನ್ನೆಯ ಮೂಳೆ ಕೆಳಗೆ ಒಂದು ನೀಲಿ ಗುರುತು. ಮದುವೆಯಾದಾಗಿನಿಂದ ಆ ಕೆನ್ನೆಗೆ ಮುಲಾಮು ಹಚ್ಚುವವಳು ನಾನು. ಹಚ್ಚುವಾಗ ಒಳಗೊಳಗೇ ಹೆಮ್ಮೆ. ಇವನು ಒರ್ಸೊಲಾಳ ಗಂಡ ಅಂತ ನನ್ನ ಕೋವಿಯೇ ಮೊಹರು ಹೊಡೆದ ಹಾಗೆ ನನಗೆ.

ಈ ಸಲ ಕೆನ್ನೆ ಹಸುಗೂಸಿನ ಕೆನ್ನೆಯ ಹಾಗಿದೆ. ಹೆಗಲಲ್ಲಿ ಮಾತ್ರ ಒಂದು ಚಿಕ್ಕ ಕೆಂಪು ಗೆರೆ.

ನಮ್ಮ ಮನೆಯಲ್ಲಿ ರೈಫಲ್ ಇಲ್ಲ, ದೆಲ್ಫಿನಾ.

"ಯಾರ್ದಿದು?" ಅಂತ ಕೇಳಿದೆ.

"ಯಾವ್ದು?"

"ನಿನ್ನ ಹೆಗಲ ಮೇಲಿರೋದು."

"ಅಲ್ಲಿ ಯಾರೋ ಕೊಟ್ರು."

"ಯಾರೋ ಅಂದ್ರೆ?"

"ಯಾರೋ ಅಂದ್ರೆ ಯಾರೋ. ನೀರು ಆರ್ತಾ ಇದೆ, ಹಾಕು." ಆಮೇಲೆ ತಾನೇ ಬಾಯಿಬಿಟ್ಟ. "ಒಂದ್ ವಿಷ್ಯ ಹೇಳ್ಲಾ ಒರ್ಸೊಲಾ? ರೈಫಲ್ಲು ನಮ್ಮ ಕೋವಿಯಷ್ಟು ಒದಿಯೋದಿಲ್ಲ."

ಪಕ್ಕದ ಬಕೆಟ್ಟಿನಲ್ಲಿ ತಣ್ಣೀರಿತ್ತು. ಅದನ್ನೇ ಸುರಿದುಬಿಟ್ಟೆ. ಹಂದಿ ಉರುಳಿಸುವ ರೈಫಲ್ಲು, ನಾನು ಕೆತ್ತಿದ ಹಕ್ಕಿಕೋವಿಗಿಂತ ಮೆದುವಂತೆ! ಸುಳ್ಳು ಹೇಳುವವನಿಗೆ ಅಷ್ಟಾದರೂ ಬುದ್ಧಿ ಬೇಡವೇ?

ನಿಮ್ಮ ಬೇಟೆ ತಂಡದಲ್ಲಿ ಉಳಿದವರೆಲ್ಲ ಚರೆಯ ಬದಲು ಒಂದೇ ದಪ್ಪ ಗುಂಡಿನ ತೋಟಾ, ಒಂಟಿಗುಂಡು, ಹಾಕುವ ಹಳೇ ಚರೆಕೋವಿಯವರು, ರೈಫಲ್ ಇರುವುದು ನಿನ್ನೊಬ್ಬಳ ಹತ್ತಿರ ಅಂತ ಹೋದ ವರ್ಷ ನೀನೇ ಜಂಬದಿಂದ ಬರೆದಿದ್ದೆ. ಆದ್ದರಿಂದ ನೇರವಾಗಿ ಕೇಳುತ್ತೇನೆ. ನಿನ್ನ ರೈಫಲ್ಲಿಗೆ ಕೆನ್ನೆ ಕೊಟ್ಟು ನನ್ನ ಗಂಡ ಎಷ್ಟು ದಿನ ನಿಂತಿದ್ದ? ಪಕ್ಕದಲ್ಲಿ ನೀನು ಎಲ್ಲಿ ನಿಂತಿದ್ದೆ?

ಒಮ್ಮೆ ನನ್ನ ಕೈಯಿಂದ ಒಬ್ಬನನ್ನು ಕಿತ್ತುಕೊಂಡವಳು ನೀನು. ಎರಡು ಬೇಸಿಗೆ ಹೊಳೆದಂಡೆಯಲ್ಲಿ ನನ್ನ ಜೊತೆ ಓಡಾಡಿದ ಫೌಸ್ತೊ ಮೂರನೇ ಬೇಸಿಗೆಗೆ ನಿನ್ನ ಕೈಹಿಡಿದು ಮರೆಮ್ಮಾಕ್ಕೆ ಹೊರಟ. ನಾನು ಬಾಯಿ ಬಿಡಲಿಲ್ಲ. ನಿಮ್ಮ ಮದುವೆಗೆ ಬಂದು ಕುಣಿದೆ ಕೂಡ. ಎರಡನೇ ಸಲ ಕುಣಿಯುವ ಶಕ್ತಿ ನನಗಿಲ್ಲ. ಹೊಟ್ಟೆಕಿಚ್ಚು ಅಂತ ನಗುತ್ತಿದ್ದರೆ ನಗು. ಹೊಟ್ಟೆಕಿಚ್ಚೇ.

ಉತ್ತರ ಬರೆಯುವ ಮುಂಚೆ ಕೈ ತೊಳೆದುಕೋ,
ಒರ್ಸೊಲಾ


ಪೊಜ್ಜಾಲ್ತೊ, ಮರೆಮ್ಮಾ
5 ಡಿಸೆಂಬರ್ 1983

ಒರ್ಸೊಲಾ ಮಾರಾಯ್ತಿ,

ನಿನ್ನ ಕಾಗದ ಓದಿ ಮೊದಲು ನಕ್ಕೆ. ಆಮೇಲೆ ಫೌಸ್ತೊನ ಕೈಗೆ ಸಿಗದ ಹಾಗೆ ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟೆ. ಹೊಳೆದಂಡೆಯ ಸುದ್ದಿ ಈ ಮನೆಯಲ್ಲಿ ಯಾರೂ ಎತ್ತುವುದಿಲ್ಲ, ನೀನೂ ಎತ್ತಬೇಡ.

ಹೌದು, ರೈಫಲ್ ನನ್ನದೇ. ಕೊಟ್ಟವಳೂ ನಾನೇ. ಹೇಗೆ ಕೊಟ್ಟೆ ಅಂತ ಕೇಳು.

ಮೊದಲ ಭಾನುವಾರ ನಿನ್ನ ಗಂಡನನ್ನು ಕಾರ್ಕ್ ಮರಗಳ ಕೆಳಗೆ ಹಂದಿ ದಾಟುವ ಕಂಡಿಯಲ್ಲಿ ನಿಲ್ಲಿಸಿದ್ದರು. ನಾಯಿಗಳು ಹಂದಿಯನ್ನು ಎಬ್ಬಿಸಿ ನೇರ ಅವನ ಎದುರಿಗೇ ತಂದವು. ಎಮ್ಮೆಯಂಥ ಹಂದಿ, ಎಮ್ಮೆಯ ಹಾಗೇ ನಡೆದುಕೊಂಡು ಬಂತು. ಎರಡೂ ನಳಿಗೆ ಹಾರಿಸಿದ. ಹಂದಿ ಒಮ್ಮೆ ತಿರುಗಿ ನೋಡಿ ತನ್ನ ಪಾಡಿಗೆ ತಾನು ಹೋಯಿತು. ಮುಂದಿನ ಕಂಡಿಯಲ್ಲಿದ್ದ ನನಗೆ ಎಲ್ಲ ಕಾಣುತ್ತಿತ್ತು. ನಿನ್ನ ಗಂಡ ಕೋವಿಯ ಕುದುರೆಗೆ ಬೆರಳಿಟ್ಟು ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ ಕಣೇ. ಕೆನ್ನೆಗೆ ಪೆಟ್ಟು ಬೀಳುತ್ತೆ ಅಂತ ಕಾಯುವವನ ಹಾಗೆ.

ನಮ್ಮ ತಂಡದ ಯಜಮಾನ ಎತ್ತೊರೆ ಬಿಡುತ್ತಾನೆಯೇ? "ಏನ್ ಬೊರ್ತೊಲೊ, ಹಂದಿಗೆ ಹೊಡೆದ್ಯಾ, ನಿನ್ನ ಕೆನ್ನೆಗೇ ಹೊಡ್ಕೊಂಡ್ಯಾ?" ಅಂದ. ಸುಲಭದ ಹಂದಿ ತಪ್ಪಿಸಿದವನು ಉಳಿದವರು ಹೊಡೆದ ಹಂದಿಯ ಕರುಳು ತೊಳೆಯಬೇಕು ಅನ್ನುವುದು ಇಲ್ಲಿಯ ರೂಢಿ. ತೊಳೆದ ಪಾಪ, ಹಳ್ಳದ ಐಸ್ ನೀರಿನಲ್ಲಿ. ಮಾರನೇ ಸಲ ನಾನೇ ರೈಫಲ್ ಕೈಗಿಟ್ಟು "ಇದ್ರಲ್ಲಿ ಹೊಡಿ, ನಾನು ನಾಯಿಗಳ ಜೊತೆ ಹೋಗ್ತೀನಿ" ಅಂದೆ. ಅವನು ಎಲ್ಲಿ ನಿಂತಿದ್ದನೋ ಅಲ್ಲಿಂದ ಒಂದು ಗುಡ್ಡ ಆಚೆ ಇದ್ದೆ. ಸಮಾಧಾನವಾಯಿತೇ?

ಇನ್ನು ಒದೆತದ ವಿಚಾರ. ನೀನು ಮರ ಕೆತ್ತುವವಳು, ನಾನು ಹೊಡೆಯುವವಳು, ನನ್ನ ಮಾತನ್ನೂ ಸ್ವಲ್ಪ ಕೇಳು. ಹಕ್ಕಿ, ಮೊಲಕ್ಕೆ ಅಂತ ಮಾಡಿದ ಹಗುರ ಕೋವಿಗೆ ಒಂಟಿಗುಂಡಿನ ತೋಟಾ ತುಂಬಿದರೆ ಅದು ಹೋರಿ ತಳ್ಳಿದ ಹಾಗೆ ತಳ್ಳುತ್ತದೆ. ನಿಧಾನವಾಗಿ, ಬೆನ್ನುಮೂಳೆ ತನಕ. ನನ್ನ ರೈಫಲ್ ಭಾರ, ಮೇಲೆ ದುರ್ಬೀನು, ಹಿಂಬದಿಗೆ ದಪ್ಪ ರಬ್ಬರು. ಅದು ಪಟ್ಟಂತ ಒಂದೇಟು ಕೊಟ್ಟು ಸುಮ್ಮನಾಗುತ್ತದೆ. ಬಿತ್ತು ಅನ್ನುವಷ್ಟರಲ್ಲಿ ಮುಗಿದಿರುತ್ತದೆ. ಲೆಕ್ಕಕ್ಕೆ ಯಾವುದು ದೊಡ್ಡದೋ ನನಗೆ ಗೊತ್ತಿಲ್ಲ, ಮೈಗೆ ಯಾವುದು ತಿಳಿಯುತ್ತದೆ ಅಂತ ಗೊತ್ತು. ಮತ್ತೆ, ನನ್ನ ರೈಫಲ್ಲಿನ ಹಿಡಿಮರ ನನ್ನ ಗಿಡ್ಡ ಕೈಗೆ ತಕ್ಕ ಹಾಗೆ ಕೊಯ್ಯಿಸಿದ್ದು. ಬೊರ್ತೊಲೊನೂ ನನ್ನಷ್ಟೇ ಗಿಡ್ಡ. ಹೆಗಲಿಗೆ ಇಟ್ಟ ಕೂಡಲೇ ಅವನ ಮುಖ ಅರಳಿತು ನೋಡು, ಹೊಸ ಬೂಟು ಕಾಲಿಗೆ ಸರಿಹೋದ ಹುಡುಗನ ಹಾಗೆ.

ಫೌಸ್ತೊಗೆ ಆ ರೈಫಲ್ ಆಟದ ಸಾಮಾನು. ಕೊಕ್ಕರೆ ಕತ್ತು, ಕೊಕ್ಕರೆ ಕೈ, ಯಾವ ಕೋವಿಯೂ ಅವನಿಗೆ ಸಾಲುವುದಿಲ್ಲ. ಮೊಣಕಾಲು ಕೆಟ್ಟ ಮೇಲಂತೂ ಕೋವಿಯನ್ನೇ ಮುಟ್ಟಿಲ್ಲ, ನಾಯಿಗಳಾಯಿತು ಅವನಾಯಿತು.

ಸಾಂತಾ ಲುಚಿಯಾ ಹಬ್ಬ ಮುಗಿಸಿ ಮತ್ತೆ ಬರುತ್ತೇನೆ ಅಂತ ನಿನ್ನ ಗಂಡ ಹೇಳಿ ಹೋದ. ನಿನಗೆ ಹೇಳಿದ್ದಾನೆ ತಾನೇ?

ಕೈ ತೊಳೆದುಕೊಂಡೇ ಬರೆದವಳು,
ದೆಲ್ಫಿನಾ


ಮಾಲ್ಪಾಸೊ
16 ಡಿಸೆಂಬರ್ 1983

ದೆಲ್ಫಿನಾ,

ಹೇಳಿರಲಿಲ್ಲ. ನಿನ್ನ ಕಾಗದದಿಂದಲೇ ತಿಳಿಯಿತು. ನನ್ನ ಗಂಡನ ಪ್ರಯಾಣದ ಸುದ್ದಿ ನಿನ್ನ ಕೈಬರಹದಲ್ಲಿ ಓದುವ ಗತಿ ಬಂತು ನೋಡು ನನಗೆ.

ನಿನ್ನ ಪಾಠ ಓದಿ ಸುಮ್ಮನೆ ಕೂರಲಿಲ್ಲ. ಪಕ್ಕದ ಮನೆಯವರ ರೈಫಲ್ ಕೇಳಿ ಪಡೆದು, ಬೊರ್ತೊಲೊನ ಕೋವಿಯನ್ನೂ ಹೆಗಲಿಗೇರಿಸಿ, ಕಲ್ಲುಕ್ವಾರಿಗೆ ಹೋದೆ. ಕೋಟು ಬಿಚ್ಚಿಟ್ಟು, ಬರೀ ಅಂಗಿಯ ಮೇಲೆ, ಒಂದಾದ ಮೇಲೆ ಒಂದರಲ್ಲಿ ಹೊಡೆದೆ. ಕೋವಿ ನನ್ನನ್ನು ಮೇವಿಗೆ ಬಂದ ಹಸು ತಳ್ಳಿದ ಹಾಗೆ ತಳ್ಳಿತು, ಅಷ್ಟೇ. ರೈಫಲ್ ಶಾಲೆಯ ಸಿಸ್ಟರಮ್ಮನ ರೂಲುದೊಣ್ಣೆ. ಕಿವಿ ಗುಂಯ್ ಅಂತು, ಕಣ್ಣಲ್ಲಿ ನೀರು ಬಂತು. ಯಾವುದು ಹೆಚ್ಚು ಒದೆಯುತ್ತದೆ ಅಂತ ಈಗ ನನಗೂ ಗೊತ್ತು. ಅಂದರೆ ನನ್ನ ಗಂಡ ಓಡಿಹೋಗುತ್ತಿರುವುದು ಕೋವಿಯ ಒದೆತಕ್ಕೆ ಹೆದರಿ ಅಲ್ಲ. ಅವನಿಗೆ ಸಾಕಾಗಿರುವುದು ಕೋವಿಯಲ್ಲ, ನಾನು.

ಇಬ್ಬರೂ ಗಿಡ್ಡರಂತೆ. ನಿನ್ನ ಅಳತೆ ನನ್ನ ಗಂಡನಿಗೆ ಸರಿಹೋಯಿತಂತೆ. ಅದನ್ನು ಬರೆಯಲು ನಿನಗೆ ನಾಚಿಕೆಯೂ ಆಗಲಿಲ್ಲ.

ನಿನ್ನೆ ಬೆಳಿಗ್ಗೆ ಬಸ್ಸು ಹತ್ತಿಸಲು ಹೋದೆ. ನಿಲ್ದಾಣದಲ್ಲಿ ಎಲ್ಲರೆದುರಿಗೆ ಹೇಳಿದೆ. "ನನ್ನ ಕೋವೀಲೇ ಹೊಡಿಬೇಕು. ಕೆನ್ನೆ ಮೇಲೆ ಗುರುತು ಇಲ್ದೆ ಬಂದ್ಯೋ, ಬಾಗ್ಲು ತೆಗಿಯೋಳಲ್ಲ."

"ಗುರುತು ಬೇಕಾ ನಿಂಗೆ?" ಅಂದ.

"ಹೌದು, ಬೇಕು."

"ಆಯ್ತು, ತರ್ತೀನಿ" ಅಂದ. ಸಿಟ್ಟಿಲ್ಲ, ನಗುವಿಲ್ಲ. ಬಸ್ಸು ಹೊರಟ ಮೇಲೂ ಅವನ ಮುಖ ನನ್ನ ಕಣ್ಣೆದುರೇ ಇತ್ತು.

ಅವನ ಕೆನ್ನೆಯನ್ನು ನೀನೂ ಒಮ್ಮೆ ನೋಡಿ ಕಳಿಸು. ದೂರದಿಂದ.
ಒರ್ಸೊಲಾ


ಪೊಜ್ಜಾಲ್ತೊ
29 ಡಿಸೆಂಬರ್ 1983

ಒರ್ಸೊಲಾ,

ಇವತ್ತು ತಮಾಷೆ ಮಾಡುವ ಮನಸ್ಸಿಲ್ಲ.

ಕ್ವಾರಿಯಲ್ಲಿ ನೀನು ತುಂಬಿದ್ದು ಹಕ್ಕಿಯ ತೋಟಾ ಅಂತ ಕಾಣುತ್ತದೆ. ಚರೆಯಲ್ಲಿ ಹೊಡೆದು ಒಂಟಿಗುಂಡಿನ ಮಾತು ಆಡಬಾರದು. ಆದರೆ ಅದು ಈಗ ಮುಖ್ಯವಲ್ಲ. ನಿನ್ನ ಗಂಡ ನಿನ್ನ ಮಾತನ್ನು ಅಕ್ಷರಶಃ ಪಾಲಿಸಿದ. ರೈಫಲ್ ಕಡೆ ತಿರುಗಿಯೂ ನೋಡಲಿಲ್ಲ. ಆ ಕೋವಿಯಲ್ಲೇ ಹೊಡೆದ, ಹಂದಿ ಇದ್ದಾಗಲೂ ಹೊಡೆದ, ಇಲ್ಲದಾಗ ಮರದ ಬೊಡ್ಡೆಗೂ ಹೊಡೆದ. ಕ್ರಿಸ್ಮಸ್ ಹೊತ್ತಿಗೆ ಬಲಗಣ್ಣು ಅರ್ಧ ಮುಚ್ಚಿಹೋಗಿತ್ತು. "ಸಾಕು ಮಾರಾಯ, ಗುರುತು ಬಂತಲ್ಲ" ಅಂದೆ. "ಅವಳಿಗೆ ಚೆನ್ನಾಗಿ ಕಾಣ್ಬೇಕು" ಅಂದ.

ಹಬ್ಬದ ಮಾರನೆಯ ದಿನ ತಂಡದವರೆಲ್ಲ ನಮ್ಮ ಬೇಟೆಗುಡಿಸಲಿನಲ್ಲಿ ಊಟಕ್ಕೆ ಸೇರಿದ್ದೆವು. ಹಂದಿಸಾರು, ವೈನು, ಆಮೇಲೆ ಎಂದಿನಂತೆ ಬೇಲಿಗೂಟದ ಮೇಲೆ ಕುಂಬಳಕಾಯಿ ಇಟ್ಟು ಗುರಿ ಹೊಡೆಯುವ ಆಟ. ಒಬ್ಬರ ಕೋವಿ ಇನ್ನೊಬ್ಬರ ಕೈಗೆ ಹೋಗುತ್ತಿತ್ತು. ಬೊರ್ತೊಲೊನ ಕೋವಿ ಎತ್ತೊರೆಗೆ ಬಂತು, "ಥೂ, ಎಷ್ಟು ಉದ್ದ!" ಅಂದು ಪಕ್ಕಕ್ಕೆ ಕೊಟ್ಟ. ಪಕ್ಕದಲ್ಲಿ ಫೌಸ್ತೊ ಕೂತಿದ್ದ.

ಅವನು ಕೋಲು ಬದಿಗಿಟ್ಟು ಎದ್ದು ನಿಂತ. ನಿಮ್ಮ ಕಣಿವೆಯಲ್ಲಿ ಹೊಸ ಕೋವಿ ನೋಡುವಾಗ ಮಾಡುತ್ತಾರಲ್ಲ, ಹಾಗೆ ಕಣ್ಣು ಮುಚ್ಚಿ ಹೆಗಲಿಗೇರಿಸಿದ. ಕಣ್ಣು ತೆರೆದಾಗ ನಳಿಗೆ ಕುಂಬಳಕಾಯಿಯ ನಟ್ಟನಡುವೆ ಇತ್ತು. ಕತ್ತು ಕೊಂಕಿಸಲಿಲ್ಲ, ಮೊಣಕೈ ಸರಿಪಡಿಸಿಕೊಳ್ಳಲಿಲ್ಲ. ಎರಡು ಒಂಟಿಗುಂಡು ತುಂಬಿ ಎರಡನ್ನೂ ಹಾರಿಸಿದ. ಕುಂಬಳಕಾಯಿ ಚೂರುಚೂರು. ಅವನ ಹೆಗಲು ಅಲ್ಲಾಡಿದ್ದೂ ನನಗೆ ಕಾಣಲಿಲ್ಲ.

"ಇದು ಒದಿಯೋದೇ ಇಲ್ವಲ್ಲ!" ಅಂದ ನನ್ನ ಗಂಡ. ಎಷ್ಟು ಖುಷಿಯಿಂದ ಅಂದ ಅಂದರೆ, ಆ ದನಿ ನಾನು ಕೇಳಿ ಎಷ್ಟೋ ವರ್ಷವಾಗಿತ್ತು.

ಎತ್ತೊರೆ ಕುಡಿದಿದ್ದ. "ಬೊರ್ತೊಲೊ, ಇನ್ನೊಬ್ರ ಕೋಟು ಹಾಕ್ಕೊಂಡು ತಿರುಗ್ತಿದೀಯಲ್ಲೋ! ಇದು ಅಳತೆ ತೆಗೆದು ಹೊಲ್ದಿರೋದು ಇವನಿಗೆ!" ಅಂದ. ಎಲ್ಲರೂ ನಕ್ಕರು. ಫೌಸ್ತೊ ನಗಲಿಲ್ಲ. ಕೋವಿಯ ಹಿಡಿಮರ ತಿರುಗಿಸಿ ಅಲ್ಲಿ ಕೆತ್ತಿದ್ದ ನಿನ್ನ ಹೆಸರಿನ ಮೊದಲಕ್ಷರ ನೋಡುತ್ತಿದ್ದ.

"ಗೊತ್ತು" ಅಂದ ಬೊರ್ತೊಲೊ. ಅಷ್ಟೇ. ಊದಿದ ಕೆನ್ನೆಯಲ್ಲಿ ಅವನೂ ನಗಲು ನೋಡಿದ, ಆಗಲಿಲ್ಲ.

ನಿನ್ನೆ ಬಸ್ಸು ಹತ್ತುವಾಗ ಕೋವಿ ತೆಗೆದುಕೊಳ್ಳಲಿಲ್ಲ. ನಮ್ಮ ಅಡಿಗೆಮನೆ ಗೋಡೆಗೆ ನೇತುಹಾಕಿ ಹೋಗಿದ್ದಾನೆ. ಇವತ್ತು ಬೆಳಗಿನಿಂದ ಫೌಸ್ತೊ ನೀರು ಕುಡಿಯಲು ಅಂತ ಎಷ್ಟು ಸಲ ಅಡಿಗೆಮನೆಗೆ ಬಂದನೋ. ಅವನಿಗೆ ಅಷ್ಟು ಬಾಯಾರಿಕೆ ಯಾವತ್ತೂ ಇರಲಿಲ್ಲ.

ಅಳತೆ ತೆಗೆಯದೆ ಹಾಗೆ ಕೆತ್ತಲು ಆಗುವುದಿಲ್ಲ ಅಂತ ನೀನೇ ಹೇಳುತ್ತಿದ್ದೆ. ಯಾವಾಗ ತೆಗೆದೆ ನನ್ನ ಗಂಡನ ಅಳತೆ? ಹೊಟ್ಟೆಕಿಚ್ಚು ಅಂತ ನೀನು ಬರೆದಾಗ ನಕ್ಕಿದ್ದೆನಲ್ಲ, ಈಗ ನಿನ್ನ ಸರದಿ, ನಗು. ಆದರೆ ಈ ಕೋವಿ ನನ್ನ ಮನೆಯ ಗೋಡೆ ಮೇಲಿರಕೂಡದು.

ದೆಲ್ಫಿನಾ


ಮಾಲ್ಪಾಸೊ
15 ಜನವರಿ 1984

ದೆಲ್ಫಿನಾ,

ನಗಲಿಲ್ಲ. ಬರೆಯಲು ಕೂತು ಎಷ್ಟೋ ಹಾಳೆ ಹರಿದೆ.

ನಾನು ಯಾರ ಅಳತೆಯನ್ನೂ ತೆಗೆದಿರಲಿಲ್ಲ. ನೀನು ನಂಬಲೇಬೇಕು. ನಮ್ಮ ಬೀದಿಯ ಪದ್ಧತಿ ನಿನಗೆ ನೆನಪಿದೆಯಲ್ಲ. ಹಿಡಿಮರದವರ ಮನೆಯ ಹುಡುಗಿ ಗಂಡಿಗೆ ಕೋವಿ ಕೊಡಬೇಕು, ಗಂಡು ಅದನ್ನು ಮದುವೆಯ ಬೆಳಿಗ್ಗೆ ತನಕ ನೋಡಕೂಡದು. ಬೇರೆ ಹುಡುಗಿಯರು ಗಂಡಿನ ಕೋಟು ಕದ್ದು ತಂದು ಅದರ ಅಳತೆ ಹಿಡಿಯುತ್ತಿದ್ದರು. ನಮ್ಮಪ್ಪನಿಗೆ ಬಡಾಯಿ. "ನನ್ ಮಗಳಿಗೆ ಕೋಟೂ ಬೇಡ, ದಾರಾನೂ ಬೇಡ. ಒಂದ್ಸಲ ನೋಡಿದ್ರೆ ಸಾಕು, ಕೈ ತಾನೇ ಕೆತ್ತುತ್ತೆ" ಅಂತ ಊರೆಲ್ಲ ಹೇಳಿಕೊಂಡು ಬಂದ. ನಾನೂ ಉಬ್ಬಿಹೋದೆ. ಬೊರ್ತೊಲೊನನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಕೆತ್ತಿದೆ, ದೇವರಾಣೆ. ಕೈಯಲ್ಲಿ ಯಾರಿದ್ದರೋ ನನಗೆ ಗೊತ್ತಾಗಲಿಲ್ಲ.

ಅವನು ಬಂದ ದಿನ ಬಾಗಿಲು ತೆರೆದೆ. ಗುರುತು ಬೇಕು ಅಂದಿದ್ದೆನಲ್ಲ, ಗುರುತು ತಂದಿದ್ದ. ಕಣ್ಣಿನಿಂದ ದವಡೆ ತನಕ ಬದನೆಕಾಯಿ ಬಣ್ಣ. ನಿನ್ನ ಕಾಗದ ಅವನಿಗಿಂತ ಮುಂಚೆ ಬಂದಿರಲಿಲ್ಲ, ಹಾಗಾಗಿ ನಾನು ಏನೂ ಅರಿಯದವಳು ಮುಲಾಮಿನ ಡಬ್ಬಿ ಹಿಡಿದು ನಗುತ್ತಾ ಹೋದೆ. ಮೊದಲ ಸಲ ಕೆನ್ನೆ ಆಚೆ ತಿರುಗಿಸಿಕೊಂಡ.

"ಕೋವಿ ಎಲ್ಲಿ?" ಅಂದೆ.

"ಸೇರ್ಬೇಕಾದ ಮನೇಲಿದೆ."

ಮೂರು ದಿನ ಬಿಟ್ಟು ನಿನ್ನ ಕಾಗದ ಬಂತು. ಓದಿ, ಅವನೆದುರು ಮೇಜಿನ ಮೇಲಿಟ್ಟೆ. ಅವನು ಮುಟ್ಟಲಿಲ್ಲ.

"ಯಾವಾಗಿಂದ ಗೊತ್ತು ನಿಂಗೆ?"

"ಮದ್ವೆ ದಿನದಿಂದ. ಚರ್ಚ್ ಮುಂದೆ ನಿಮ್ಮಪ್ಪ, ಆಕಾಶಕ್ಕೆ ಎರಡು ಹೊಡಿ ಅಳಿಯಾ ಅಂದ್ರಲ್ಲ. ಹೊಡ್ದೆ. ಕೆನ್ನೆಗೆ ಬಿತ್ತು. ಜನ ಚಪ್ಪಾಳೆ ತಟ್ಟಿದ್ರು."

"ಅಳತೆ ತಪ್ಪಿದೆ ಅಂತ ಗೊತ್ತಾಗೋದು ಸರಿ. ಅದು ಯಾರ ಅಳತೆ ಅಂತ ಹೇಗೆ..."

"ನಮ್ ಬೀದೀಲಿ ಅಷ್ಟುದ್ದ ಕತ್ತು ಇನ್ಯಾರಿಗಿತ್ತು ಒರ್ಸೊಲಾ?"

"ಹೇಳ್ಬಾರ್ದಿತ್ತಾ? ಒಂದ್ ದಿನದ ಕೆಲ್ಸ, ಸರಿ ಮಾಡಿಕೊಡ್ತಿದ್ದೆ."

"ಹೇಳಿದ್ರೆ ನೀನು ಅಳತೆ ಹಿಡಿದು ನೋಡ್ತಿದ್ದೆ. ಆಗ ನಿಂಗೂ ಗೊತ್ತಾಗ್ತಿತ್ತು. ನಂಗೊಬ್ಬನಿಗೇ ಗೊತ್ತಿದ್ರೆ ಸಾಕು ಅಂದ್ಕೊಂಡೆ."

ಒಲೆಯ ಪಕ್ಕದ ಮಣೆಯ ಮೇಲೆ ಕೂತೆ. "ಮತ್ತೆ ಮರೆಮ್ಮಾಕ್ಕೆ ಯಾಕ್ ಹೋದೆ?"

"ಅವನ ಹೆಗಲು ನೋಡ್ಬೇಕಿತ್ತು. ಪ್ರತಿ ಚಳಿಗಾಲ ನನ್ ಕೆನ್ನೆಗೆ ಹೊಡೀತಿರೋನು ಈಗ ಹೇಗಿದಾನೆ ಅಂತ. ಹೊಟ್ಟೆಕಿಚ್ಚು ಕಣೇ. ನಿಂಗೊಬ್ಳಿಗೇ ಬರೋದಾ ಅದು?"

ದೆಲ್ಫಿನಾ, ಹಿಡಿಮರದ ಅಳತೆ ತಪ್ಪಿದರೆ ಪೆಟ್ಟು ಕೆನ್ನೆಗೆ ಬೀಳುತ್ತದೆ ಅಂತ ಊರಿಗೆಲ್ಲ ಹೇಳುವವಳು, ನನ್ನ ಮನೆಯಲ್ಲಿ ಮಾತ್ರ ಆ ಕಲೆಗೆ ಮುಲಾಮು ಹಚ್ಚುತ್ತಾ ಹೆಮ್ಮೆಪಡುತ್ತಿದ್ದೆ. ಅವನು ಕೆನ್ನೆ ಒಡ್ಡಿಕೊಂಡು ಸುಮ್ಮನೆ ಕೂತಿರುತ್ತಿದ್ದ. ಬಸ್‌ನಿಲ್ದಾಣದಲ್ಲಿ ಎಲ್ಲರೆದುರು ಗುರುತು ಕೇಳಿದವಳು ನಾನೇ.

ಈಗ ಅಡಿಗೆಮನೆಯ ಬೆಂಚಿನ ಮೇಲೆ ಮಲಗುತ್ತಾನೆ, ಬೆನ್ನುನೋವು ಅಂತ ನೆಪ. ಕಾರ್ಖಾನೆಯ ರೈಫಲ್ ಒಂದು ಕೊಳ್ಳುತ್ತಾನಂತೆ. "ಯಾರ ಅಳತೆಗೂ ಮಾಡಿರೋದಿಲ್ಲ ಅದು. ಪಟ್ಟಂತ ಒಂದು ಏಟು, ಮುಗೀತು" ಅಂದ. ಅವನು ರೈಫಲ್ ತಂದ ದಿನ ನನ್ನ ಮನೆ ನನ್ನದಲ್ಲ ಅಂತ ನನಗೆ ಅನಿಸಿಬಿಟ್ಟಿದೆ. ಅವನು ಮನೆ ಬಿಟ್ಟು ಹೋಗುವವನಲ್ಲ. ಇಲ್ಲೇ ಇದ್ದು, ನನಗೆ ಸಿಗದೆ ಉಳಿದುಬಿಡುತ್ತಾನೆ. ನನಗೆ ಅದೇ ಭಯ.

ಕೋವಿ ಕಳಿಸು. ಬೇಗ.
ಒರ್ಸೊಲಾ


ಪೊಜ್ಜಾಲ್ತೊ
3 ಫೆಬ್ರವರಿ 1984

ಒರ್ಸೊಲಾ,

ಕೋವಿ ಎತ್ತೊರೆಯ ಕೈಯಲ್ಲಿ ಬರುತ್ತದೆ. ತನ್ನದಕ್ಕೆ ಹೊಸ ನಳಿಗೆ ಹಾಕಿಸಲು ನಿಮ್ಮ ಕಣಿವೆಗೆ ಹೊರಟಿದ್ದಾನೆ. ಇಷ್ಟು ದಿನ ತಡವಾದದ್ದು ನನ್ನಿಂದಲ್ಲ.

ಫೌಸ್ತೊ ಅದನ್ನು ಇಟ್ಟುಕೊಳ್ಳುತ್ತೇನೆ ಅಂದ. "ಬೊರ್ತೊಲೊ ಬೇಡ ಅಂತ ಬಿಟ್ಟು ಹೋಗಿದಾನೆ, ಕೇಳಿ ತಗೊಂಡ್ರೆ ಏನ್ ತಪ್ಪು? ಒಂದು ಒಳ್ಳೇ ಕೋವಿ, ಅಷ್ಟೇ" ಅಂದ. ಅಷ್ಟೇ ಅಂದವನ ಮುಖ ನೋಡಬೇಕಿತ್ತು ನೀನು. "ಆ ಕೋವಿ ಇರ್ಬೇಕು ಅಂದ್ರೆ ನಾನು ನಮ್ಮಣ್ಣನ ಮನೆಗೆ ಹೋಗ್ತೀನಿ" ಅಂದೆ. ಎರಡು ದಿನ ನಾಯಿಗಳ ಜೊತೆಗೇ ಮಾತಾಡಿಕೊಂಡಿದ್ದ. ಮೂರನೆಯ ದಿನ ತಾನೇ ಗೋಡೆಯಿಂದ ಇಳಿಸಿ, ಎಣ್ಣೆಬಟ್ಟೆಯಲ್ಲಿ ಒರೆಸಿ, ಕಂಬಳಿಯಲ್ಲಿ ಸುತ್ತಿದ. ಕೂಸನ್ನು ಸುತ್ತುವ ಹಾಗೆ ಸುತ್ತಿದ. ಅದನ್ನೂ ನೋಡಿದೆ.

ಅವನು ಊರೊಳಗೆ ಹೋದಾಗ ಕಂಬಳಿ ಬಿಚ್ಚಿದೆ. ಹಿತ್ತಲಿಗೆ ಒಯ್ದು, ಒಂಟಿಗುಂಡು ತುಂಬಿ, ಒಮ್ಮೆ ಹಾರಿಸಿದೆ. ನಿಜ ಹೇಳುತ್ತೇನೆ, ಬೊರ್ತೊಲೊನಿಗೆ ಬಿದ್ದ ಜಾಗಕ್ಕೇ ನನಗೂ ಬಿತ್ತು. ಹಲ್ಲು ಅಲ್ಲಾಡಿತು. ಹಂದಿಕಾಡಿನಲ್ಲಿ ಇಷ್ಟು ವರ್ಷ ನಿಂತವಳು ಹಿತ್ತಲಲ್ಲಿ ಕೋಳಿಗಳ ನಡುವೆ ಕೂತು ಅತ್ತೆ. ನೋವಿಗಲ್ಲ. ಅವನ ಜೊತೆ ಇಷ್ಟು ವರ್ಷ ಮಲಗಿ ಎದ್ದವಳು ನಾನು, ಅವನ ಅಳತೆ ನನ್ನ ಕೆನ್ನೆಗೆ ಹೊಡೆಯುತ್ತದೆ. ನಿನಗೆ ನೋಡದೆಯೇ ಬಂತು.

ಸಂಜೆ ಅವನು ನನ್ನ ಮುಖ ನೋಡಿ "ಏನಾಯ್ತೇ?" ಅಂದ. "ಮೇಕೆ ಹಾಯ್ತು" ಅಂದೆ. ನಂಬಿದನೋ ಇಲ್ಲವೋ. ಎದ್ದು ಹೋಗಿ ಮುಲಾಮು ತಂದು ತಾನೇ ಹಚ್ಚಿದ. ನನ್ನ ಕೆನ್ನೆ ಅವನು ಮುಟ್ಟಿ ಎಷ್ಟು ಕಾಲವಾಗಿತ್ತೋ.

ಆ ಕೋವಿಯನ್ನು ಏನಾದರೂ ಮಾಡು ಒರ್ಸೊಲಾ. ಅದು ನನ್ನ ಗಂಡನ ಅಳತೆಯಲ್ಲಿ ಇರುವ ತನಕ ನೀನು ಈ ಮನೆಯಲ್ಲಿರುತ್ತೀಯ.

ದೆಲ್ಫಿನಾ


ಮಾಲ್ಪಾಸೊ
4 ಮಾರ್ಚ್ 1984

ದೆಲ್ಫಿನಾ,

ಕೋವಿ ಬಂದು ಒಂದು ವಾರ ಅದನ್ನು ಬಿಚ್ಚಲಿಲ್ಲ. ಹೊಸ ಹಿಡಿಮರ ಕೆತ್ತೋಣ ಅಂತ ಮೊದಲು ಯೋಚಿಸಿದೆ. ಆಮೇಲೆ, ಹಳೆಯದನ್ನು ಬೆಂಕಿಗೆ ಹಾಕಿ ಹೊಸದು ಕೊಟ್ಟರೆ ಅದು ಬೊರ್ತೊಲೊನಿಗೆ ಮಾಡಿದ್ದಾಗುತ್ತದೆ ನಿಜ, ಆದರೆ ಅವನು ಇಷ್ಟು ವರ್ಷ ಹೆಗಲಿಗೆ ಹಚ್ಚಿಕೊಂಡದ್ದು ಯಾರದೋ ಆಗಿಯೇ ಉಳಿದುಬಿಡುತ್ತದೆ ಅನಿಸಿತು. ಆ ಮರವೇ ಅವನದಾಗಬೇಕು.

ಭಾನುವಾರ ಚರ್ಚಿನಿಂದ ಬಂದವನನ್ನು ಕೋಟೂ ಬಿಚ್ಚಲು ಬಿಡದೆ ಕೊಟ್ಟಿಗೆಗೆ ಕರೆದೆ. ಅಪ್ಪನ ಅಳತೆಕೋವಿ ಗೊತ್ತಲ್ಲ, ತಿರುಪು ತಿರುಗಿಸಿದರೆ ಉದ್ದ, ಬಾಗು ಎಲ್ಲ ಹೆಚ್ಚುಕಡಿಮೆ ಮಾಡಬಹುದಾದ್ದು. ಅದನ್ನು ಅವನ ಕೈಗಿಟ್ಟು "ನಿಂತ್ಕೋ" ಅಂದೆ.

"ನಂಗೆ ರೈಫಲ್ ಸಾಕು ಅಂದ್ನಲ್ಲ."

"ತಗೋ, ಯಾರು ಬೇಡ ಅಂದ್ರು? ಮೊದ್ಲು ನಿಂತ್ಕೋ."

ನಿಂತ. ಮೊದಲ ಸಲ ನನ್ನ ಗಂಡನ ಅಳತೆ ತೆಗೆದೆ ದೆಲ್ಫಿನಾ. ಮೊಣಕೈ ಮಡಿಕೆಯಿಂದ ಬೆರಳ ತುದಿಗೆ, ಕೆನ್ನೆಮೂಳೆಯಿಂದ ಹೆಗಲ ಗುಳಿಗೆ. ಅವನ ಕತ್ತು ಎಷ್ಟು ಗಿಡ್ಡ ಅಂತ, ಎದೆ ಎಷ್ಟು ಅಗಲ ಅಂತ ನನಗೆ ಗೊತ್ತೇ ಇರಲಿಲ್ಲ. ಇಷ್ಟು ಅಂಗಿ ಹೊಲಿದಿದ್ದೇನೆ, ಆದರೂ. ಕಿವಿಯ ಕೆಳಗೆ ಬೆರಳು ತಾಗಿದಾಗ ಕಚಗುಳಿಯಾಗಿ ನಕ್ಕ. ಆ ನಗು ಕೇಳಿ ತಿರುಪು ಕೈಯಿಂದ ಜಾರಿತು.

ಮೊದಲು ಉದ್ದ ಕೊಯ್ದೆ. ತೆಗೆದ ತುಂಡು ಒಂದು ಹೆಬ್ಬೆರಳಿನ ದಪ್ಪ ಬಂತು. ಆಮೇಲೆ ಬಾಗು. ಅಗಸೆಎಣ್ಣೆ ಕುದಿಯುವಷ್ಟು ಕಾಯಿಸಿ, ಬಟ್ಟೆ ಸುತ್ತಿದ ಹಿಡಿಮರದ ಕೊರಳಿನ ಮೇಲೆ ಸುರಿಯುತ್ತಾ, ಸುರಿಯುತ್ತಾ, ಮರ ಮೆತ್ತಗಾದಾಗ ಇಕ್ಕಳ ಬಿಗಿಯುತ್ತಾ ಹೋಗಬೇಕು. ಹಳೇ ಅಕ್ರೋಟ, ಒಣಗಿ ಕಲ್ಲಾಗಿದೆ. ಅಪ್ಪನಾಗಿದ್ದರೆ ಬೇಡ ಅನ್ನುತ್ತಿದ್ದ. "ಮುರಿಯುತ್ತೆ ಕಣೇ" ಅಂದ ಬೊರ್ತೊಲೊ. "ಮುರಿದ್ರೆ ರೈಫಲ್ ತಗೋ" ಅಂದೆ. ಅವನು ಎಣ್ಣೆಯ ಪಾತ್ರೆ ತನ್ನ ಕೈಗೆ ತೆಗೆದುಕೊಂಡು ಸುರಿಯತೊಡಗಿದ. ನಾನು ಇಕ್ಕಳ ಬಿಗಿದೆ. ಒಮ್ಮೆ ಚಿಟ್ ಅಂತ ಸದ್ದು ಬಂತು, ಮುರಿಯಲಿಲ್ಲ. ಮರ ಬಾಗಿತು.

ಎಣ್ಣೆ ಇಂಗಲು ಕೆಲವು ದಿನ ಬಿಟ್ಟೆವು. ನಿನ್ನೆ ಕ್ವಾರಿಗೆ ಹೋದೆವು. ಈ ಸಲ ಒಂಟಿಗುಂಡೇ ಒಯ್ದಿದ್ದೆ, ನಿನ್ನಿಂದ ಮತ್ತೆ ಬೈಸಿಕೊಳ್ಳುವ ಆಸೆಯಿಲ್ಲ. ಅವನು ಹೆಗಲಿಗೇರಿಸಿದ. ನಾನು ಗುರಿ ನೋಡಲಿಲ್ಲ, ಅವನ ಕಣ್ಣನ್ನೇ ನೋಡುತ್ತಿದ್ದೆ. ಹಳೇ ಅಭ್ಯಾಸ, ಮುಚ್ಚಿಯೇ ಮುಚ್ಚಿದ. ಹಾರಿಸಿದ. ಎಡಗೈಯಿಂದ ಬಲಗೆನ್ನೆ ಮುಟ್ಟಿ ನೋಡಿಕೊಂಡ.

"ಒದೀತಾ?" ಅಂದೆ.

"ಒದೀತು."

"ಎಲ್ಲಿಗೆ?"

"ಹೆಗಲಿಗೆ" ಅಂದ. ಎರಡನೇ ನಳಿಗೆಯನ್ನು ಕಣ್ಣು ಬಿಟ್ಟುಕೊಂಡೇ ಹಾರಿಸಿದ.

ಬೆಂಚು ಈಗ ಖಾಲಿ ಇದೆ. ರೈಫಲ್ಲಿನ ಮಾತು ಅವನೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಈ ಪೊಟ್ಟಣದಲ್ಲಿ ಒಂದು ಮರದ ಬಿಲ್ಲೆ ಇದೆ. ಹಿಡಿಮರದ ತುದಿಯಿಂದ ಕೊಯ್ದು ತೆಗೆದದ್ದು. ನನ್ನ ಗಂಡನಿಗೆ ಹೆಚ್ಚಾಗಿದ್ದು ಅಷ್ಟೇ. ನನ್ನ ಮನೆಯಲ್ಲಿ ಇಟ್ಟುಕೊಳ್ಳಲಾರೆ, ನಾನೇ ಎಸೆಯಲೂ ಆರೆ. ಅದು ನಿನ್ನದು.

ನಿನ್ನ ಕೆನ್ನೆ ಈಗ ಹೇಗಿದೆ?
ಒರ್ಸೊಲಾ


ಪೊಜ್ಜಾಲ್ತೊ
19 ಮಾರ್ಚ್ 1984

ಒರ್ಸೊಲಾ,

ಕೆನ್ನೆ ವಾಸಿಯಾಗಿದೆ. ಬಿಲ್ಲೆ ತಲುಪಿತು.

ಏಪ್ರನ್ನಿನ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದೆ. ನಿನ್ನೆ ಚಳಿ ಮತ್ತೆ ತಿರುಗಿ ಬಂತು, ಫೌಸ್ತೊ ಮೊಣಕಾಲು ಹಿಡಿದುಕೊಂಡು ಒಲೆ ಮುಂದೆ ಕೂತಿದ್ದ. ಅವನೆದುರಿಗೇ ಬಿಲ್ಲೆಯನ್ನು ಒಲೆಗೆ ಹಾಕಿದೆ. ಎಷ್ಟು ವರ್ಷದ ಎಣ್ಣೆ ಕುಡಿದ ಮರವೋ, ಬೇಗ ಆರಲೇ ಇಲ್ಲ. ಅವನು ಎರಡೂ ಅಂಗೈ ಚಾಚಿ ಕಾಯಿಸಿಕೊಂಡ. "ಎಷ್ಟು ಹೊತ್ತು ಉರೀತಿದೆ ನೋಡು. ಯಾವ ಮರಾನೇ ಇದು?" ಅಂತ ಕೇಳಿದ.

ಅದು ಉರಿದು ಬೂದಿಯಾಗುವ ತನಕ ಅವನ ಪಕ್ಕದಲ್ಲೇ ಕೂತಿದ್ದೆ. ಆಮೇಲೆ ದಾರ ತಂದು "ಎದ್ದು ನಿಂತ್ಕೋ, ನಿನ್ನ ಅಳತೆ ತೆಗೀಬೇಕು" ಅಂದೆ.

"ಯಾತಕ್ಕೆ?" ಅಂದ.

"ಸುಮ್ನೆ" ಅಂದೆ.

ದೆಲ್ಫಿನಾ